ಸ್ಪ್ಯಾನಿಷ್ ಮಾತಾಡುವವರಿಗೆ ಪೋರ್ಚುಗೀಸ್ ಉಚ್ಚಾರಣೆ: ಮೊದಲು ಕಿವಿ, ಆಮೇಲೆ ನಾಲಿಗೆ

ಪ್ರಶ್ನೆ: ಆರು ವರ್ಷ ಬ್ರೆಜಿಲ್‌ನ ಕಂಪಿನಾಸ್‌ನಲ್ಲಿದ್ದು ಈಗ ಬೆಂಗಳೂರಿಗೆ ವಾಪಸ್ ಬಂದಿದ್ದೇನೆ. ಆನ್‌ಲೈನ್‌ನಲ್ಲಿ ಪೋರ್ಚುಗೀಸ್ ಹೇಳಿಕೊಡುತ್ತೇನೆ. ಇಷ್ಟು ದಿನ ನಮ್ಮ ಕಡೆಯವರೇ ಇದ್ದರು. ಈಗ ಒಂದು ಕಂಪನಿಯ ಐದು ಜನ ಸೇರಿದ್ದಾರೆ, ಎಲ್ಲರ ಮನೆಮಾತೂ ಸ್ಪ್ಯಾನಿಷ್. ಮೆಕ್ಸಿಕೋ ಸಿಟಿಯವರು ಇಬ್ಬರು, ಬೊಗೊಟಾದವರು ಒಬ್ಬರು, ಕೊಲಂಬಿಯಾದ ಕರಾವಳಿಯ ಬರಾಂಕಿಯಾದವರು ಒಬ್ಬರು, ಬ್ಯೂನಸ್ ಐರಿಸ್‌ನವರು ಒಬ್ಬರು. ಮೊದಲ ದಿನವೇ ಪೋರ್ಚುಗೀಸ್‌ನಲ್ಲಿ ಮಾತಿಗಿಳಿದರು. ಆದರೆ ಉಚ್ಚಾರಣೆ ಪೂರ್ತಿ ಸ್ಪ್ಯಾನಿಷ್. ತಿದ್ದಿದರೆ "ಅದನ್ನೇ ತಾನೇ ನಾನು ಹೇಳಿದ್ದು" ಅನ್ನುತ್ತಾರೆ. ಹೇಗಿದ್ದರೂ ಬ್ರೆಜಿಲ್‌ನವರಿಗೆ ಅರ್ಥವಾಗುತ್ತದೆ, ಬಿಟ್ಟುಬಿಡಲಾ? ಇಲ್ಲದಿದ್ದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಬಿಡಬೇಡಿ. ಆದರೆ ಈಗ ತಿದ್ದುತ್ತಿರುವ ರೀತಿಯನ್ನು ನಿಲ್ಲಿಸಿ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು "ಅದನ್ನೇ ತಾನೇ ನಾನು ಹೇಳಿದ್ದು" ಅನ್ನುವ ಮಾತು. ಅವರು ಹಟ ಮಾಡುತ್ತಿಲ್ಲ. ನೀವು ಹೇಳಿದ್ದು, ಅವರು ಹೇಳಿದ್ದು, ಎರಡೂ ಅವರ ಕಿವಿಗೆ ನಿಜವಾಗಿಯೂ ಒಂದೇ. ಬೆಂಗಳೂರಿಗೆ ಬಂದು ಕನ್ನಡ ಕಲಿಯುವ ಹಿಂದಿಯವರನ್ನು ನೆನಪು ಮಾಡಿಕೊಳ್ಳಿ. "ನಮ್ಮದು ಸಣ್ಣ ಹಲ್ಲಿ" ಅನ್ನುತ್ತಾರೆ. "ಹಲ್ಲಿ ಅಲ್ಲ, ಹಳ್ಳಿ" ಅಂತ ನೀವು ತಿದ್ದುತ್ತೀರಿ. ಅವರು ತಲೆಯಾಡಿಸಿ ಮತ್ತೆ "ಹಲ್ಲಿ" ಅನ್ನುತ್ತಾರೆ. ನಾಲಿಗೆ ಮಡಚಲು ಬರುವುದಿಲ್ಲ ಅಂತೇನಲ್ಲ, ಟ ಮತ್ತು ಡ ಅವರ ಭಾಷೆಯಲ್ಲೇ ಇವೆ. ಅವರ ಕಿವಿಯಲ್ಲಿ ಲ ಮತ್ತು ಳ ಅಂತ ಎರಡು ಡಬ್ಬಿ ಇಲ್ಲ, ಒಂದೇ ಇದೆ. ಏನು ಹಾಕಿದರೂ ಅದೇ ಡಬ್ಬಿಗೆ ಬೀಳುತ್ತದೆ. ನಿಮ್ಮ ಐದು ಜನರದ್ದೂ ಇದೇ ಕಥೆ. ಸ್ಪ್ಯಾನಿಷ್‌ನಲ್ಲಿ ಇರುವುದು ಐದೇ ಸ್ವರ. ಬ್ರೆಜಿಲ್ ಪೋರ್ಚುಗೀಸ್‌ನಲ್ಲಿ ಒತ್ತು ಬೀಳುವ ಜಾಗದಲ್ಲಿ ಏಳು, ಅದರ ಮೇಲೆ ಮೂಗಿನಿಂದ ಬರುವವು ಇನ್ನೂ ಐದು. ಐದು ಡಬ್ಬಿ ಇಟ್ಟುಕೊಂಡವರಿಗೆ ಹನ್ನೆರಡು ಸಾಮಾನು ಕೊಟ್ಟರೆ ಏನು ಮಾಡುತ್ತಾರೆ ಹೇಳಿ.

ಅರ್ಥವಾಗುತ್ತದಲ್ಲ, ಬಿಟ್ಟುಬಿಡಲಾ ಅಂತ ಕೇಳಿದಿರಿ. ಬ್ರೆಜಿಲ್‌ನವರಿಗೆ ಇವರ ಮಾತು ಅರ್ಥವಾಗುತ್ತದೆ, ಸರಿ. ಇವರಿಗೆ ಬ್ರೆಜಿಲ್‌ನವರ ಮಾತು ಅಷ್ಟು ಚೆನ್ನಾಗಿ ಅರ್ಥವಾಗುತ್ತದಾ? ಇಲ್ಲ. ಪೋರ್ಚುಗೀಸರಿಗೆ ಸ್ಪ್ಯಾನಿಷ್ ತಿಳಿಯುವಷ್ಟು ಸಲೀಸಾಗಿ ಸ್ಪ್ಯಾನಿಷ್‌ನವರಿಗೆ ಪೋರ್ಚುಗೀಸ್ ತಿಳಿಯುವುದಿಲ್ಲ, ಇದು ಎರಡೂ ಕಡೆ ಇದ್ದವರಿಗೆಲ್ಲ ಗೊತ್ತು. ಅದಕ್ಕೆ ದೊಡ್ಡ ಕಾರಣ ಈ ಸ್ವರಗಳೇ. ಹಾಗಾಗಿ ಉಚ್ಚಾರಣೆ ಪಾಠವನ್ನು ಚೆಂದದ ಪಾಠ ಅಂದುಕೊಳ್ಳಬೇಡಿ. ಇದು ಕೇಳಿಸಿಕೊಳ್ಳುವ ಪಾಠ. ಇನ್ನೂ ಒಂದು ವಿಷಯ: ಮೊದಲ ದಿನವೇ ಕೆಲಸ ನಡೆದುಬಿಡುವುದರಿಂದ ಇವರಿಗೆ ಬದಲಾಗುವ ಒತ್ತಡವೇ ಇರುವುದಿಲ್ಲ. ಆರು ತಿಂಗಳು ಹಾಗೇ ಬಿಟ್ಟರೆ ಪೋರ್ಚುನ್ಯೋಲ್, ಅಂದರೆ ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಬೆರೆತ ಮಾತು, ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಅಲುಗಾಡಿಸುವುದು ಬಹಳ ಕಷ್ಟ. ಶುರುವಿನ ಎರಡು ಮೂರು ತಿಂಗಳು ಬಂಗಾರದಂಥ ಸಮಯ.

ಮುಂದೆ ಪದಗಳನ್ನು ಕಿವಿಗೆ ಬೀಳುವ ಹಾಗೆ ಬರೆಯುತ್ತೇನೆ. ಕೆಳಗೆ ಚುಕ್ಕಿ ಇರುವ ಜ಼ ಅಂದರೆ ಜೇನುಹುಳದ ಗುಂಯ್‌ಗುಡುವಿಕೆಯ ಸದ್ದು, ಇಂಗ್ಲಿಷಿನ ಜ಼ೂ, ಜ಼ೀಬ್ರಾದಲ್ಲಿ ಬರುವುದು.

ಮೊದಲು ಹಿಡಿಯಬೇಕಾದ್ದು ಎರಡು ಎ ಮತ್ತು ಎರಡು ಒ. ಪೋರ್ಚುಗೀಸ್‌ನಲ್ಲಿ ಅಜ್ಜನೂ ಅವೋ, ಅಜ್ಜಿಯೂ ಅವೋ. ಕನ್ನಡದಲ್ಲಿ ಬರೆದರೆ ವ್ಯತ್ಯಾಸವೇ ಕಾಣುವುದಿಲ್ಲ. ಅಜ್ಜನ ಒ ಮುಚ್ಚಿದ್ದು, ತುಟಿ ಗುಂಡಗೆ ಮಾಡಿ "ಓಟ" ಅಂದ ಹಾಗೆ. ಅಜ್ಜಿಯ ಒ ತೆರೆದದ್ದು, ನಾವು ಡಾಕ್ಟರ್, ಕಾಫಿ ಅನ್ನುವಾಗ ಬರುತ್ತದಲ್ಲ, ಆ ಸ್ವರ. ಕನ್ನಡಿಗರಾದ ನಿಮಗೆ ಇದು ಬೇಗ ಹತ್ತಿರುತ್ತದೆ, ಯಾಕೆಂದರೆ ಇಂಗ್ಲಿಷ್ ಪದಗಳಿಂದಾಗಿ ಆ ಸದ್ದು ನಮ್ಮ ಬಾಯಲ್ಲಿ ಆಗಲೇ ಇದೆ. ಅವರ ಕಿವಿಗೆ ಎರಡೂ ಒಂದೇ. "ಅವನು" ಅನ್ನುವ ಎಲಿಯಲ್ಲಿ ಎ ಮುಚ್ಚಿದ್ದು, "ಅವಳು" ಅನ್ನುವ ಎಲಾದಲ್ಲಿ ತೆರೆದದ್ದು. ದಿನಕ್ಕೆ ನೂರು ಸಲ ಬರುವ ಪದಗಳು ಇವು.

ಇಲ್ಲಿ ನಿಮ್ಮ ಹತ್ತಿರ ಒಂದು ಒಳ್ಳೆಯ ಕೀಲಿ ಇದೆ, ಅದು ಅವರ ಸ್ಪ್ಯಾನಿಷ್‌ನ ಒಳಗೇ ಇದೆ. ಹಬ್ಬಕ್ಕೆ ಸ್ಪ್ಯಾನಿಷ್‌ನಲ್ಲಿ ಫಿಯೆಸ್ತಾ, ಪೋರ್ಚುಗೀಸ್‌ನಲ್ಲಿ ಫೆಸ್ತಾ. ಬಾಗಿಲಿಗೆ ಅಲ್ಲಿ ಪುವೆರ್ತಾ, ಇಲ್ಲಿ ಪೊರ್ತಾ. ಶಾಲೆಗೆ ಎಸ್ಕುವೆಲಾ, ಇಸ್ಕೊಲಾ. ಕಲ್ಲಿಗೆ ಪಿಯೆದ್ರಾ, ಪೆದ್ರಾ. ಲ್ಯಾಟಿನ್‌ನ ಹ್ರಸ್ವ ಎ ಮತ್ತು ಒ ಸ್ಪ್ಯಾನಿಷ್‌ನಲ್ಲಿ ಒಡೆದು ಇಯೆ, ಉವೆ ಆದವು. ಪೋರ್ಚುಗೀಸ್‌ನಲ್ಲಿ ಒಡೆಯಲಿಲ್ಲ, ಬಾಯಿ ತೆರೆದುಕೊಂಡೇ ಉಳಿದವು. ಅಂದರೆ ಸ್ಪ್ಯಾನಿಷ್ ಪದದಲ್ಲಿ ಇಯೆ, ಉವೆ ಇದ್ದರೆ ಪೋರ್ಚುಗೀಸ್‌ನಲ್ಲಿ ಸಾಮಾನ್ಯವಾಗಿ ತೆರೆದ ಸ್ವರ. ಸ್ಪ್ಯಾನಿಷ್‌ನಲ್ಲೂ ಬೊಕಾ ಅಂತಲೇ ಇರುವ ಬಾಯಿಗೆ ಇಲ್ಲಿ ಮುಚ್ಚಿದ ಒ. ಇದನ್ನು ಹೇಳಿದಾಗ ವಿದ್ಯಾರ್ಥಿಗಳ ಮುಖ ಅರಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ತಮ್ಮ ಭಾಷೆ ಅಡ್ಡಿ ಅಂತಲೇ ಕೇಳಿ ಕೇಳಿ ಬಂದಿರುತ್ತಾರೆ, ಅದೇ ದಾರಿ ತೋರಿಸುತ್ತದೆ ಅಂದಾಗ ಖುಷಿಯಾಗುತ್ತದೆ.

ಸೂತ್ರಕ್ಕೆ ಅಪವಾದ ಇದೆ, ಮುಚ್ಚಿಡಬೇಡಿ. ಸ್ವರ ಮೂಗಿನದಾದರೆ ಇದು ನಡೆಯುವುದಿಲ್ಲ: ಸೇತುವೆಗೆ ಸ್ಪ್ಯಾನಿಷ್‌ನಲ್ಲಿ ಪುವೆಂತೆ, ಆದರೆ ಪೋರ್ಚುಗೀಸ್‌ನ ಪೊಂಚಿಯಲ್ಲಿ ಒ ಮುಚ್ಚಿದ್ದು. ಇನ್ನೊಂದು, ಉ ಸದ್ದಿನಲ್ಲಿ ಮುಗಿಯುವ ಹಲವು ಗಂಡು ಪದಗಳಲ್ಲಿ ಒ ಮುಚ್ಚಿಕೊಳ್ಳುತ್ತದೆ. ಒಂದು ಮೊಟ್ಟೆ ಓವು, ಮುಚ್ಚಿದ್ದು. ಮೊಟ್ಟೆಗಳು ಒವುಸ್, ತೆರೆದದ್ದು. ಹಂದಿಗೂ ಹೀಗೇ, ಬೆಂಕಿಗೂ ಹೀಗೇ. ಸ್ಪ್ಯಾನಿಷ್‌ನಲ್ಲಿ ಅಜ್ಜ ಅಬುವೆಲೊ ಆಗಿದ್ದರೂ ಪೋರ್ಚುಗೀಸ್ ಅಜ್ಜನ ಒ ಮುಚ್ಚಿರುವುದು ಇದೇ ಕಾರಣಕ್ಕೆ, ಕೊನೆಯಲ್ಲಿದ್ದ ಸ್ವರ ಎಂದೋ ಉದುರಿಹೋಯಿತು, ಅದರ ಗುರುತು ಉಳಿಯಿತು. ಅಜ್ಜಿ ಅಬುವೆಲಾ ಸೂತ್ರದಂತೆ ತೆರೆದೇ ಇದ್ದಾಳೆ. ಈ ಒಂದು ಜೋಡಿಯನ್ನೇ ಗೋಡೆಗೆ ಅಂಟಿಸಿಕೊಂಡರೆ ಅರ್ಧ ಪಾಠ ಮುಗಿದ ಹಾಗೆ.

ಕಿವಿಗೆ ಅಭ್ಯಾಸ ಹೇಗೆ? ಪ್ರತಿ ಕ್ಲಾಸಿನ ಮೊದಲ ಹತ್ತು ನಿಮಿಷ ಅವರು ಮಾತಾಡುವುದೇ ಬೇಡ. ನೀವು ಹೇಳಿ, ಅಜ್ಜ ಅಂತ ಕೇಳಿಸಿದರೆ ಎಡಗೈ, ಅಜ್ಜಿ ಅಂತ ಕೇಳಿಸಿದರೆ ಬಲಗೈ. ಮೊದಲ ವಾರ ಕೈಗಳು ದಿಕ್ಕಾಪಾಲಾಗುತ್ತವೆ, ಚಿಂತೆ ಬೇಡ. ಆದರೆ ನಿಮ್ಮ ಒಂದೇ ದನಿ ಸಾಲದು. ಇದು ನನ್ನ ಅನುಭವ ಮಾತ್ರವಲ್ಲ. ಜಪಾನಿನವರ ಕಿವಿಗೆ ಇಂಗ್ಲಿಷಿನ ರ ಮತ್ತು ಲ ಕಲಿಸಲು ಲೋಗನ್, ಲೈವ್ಲಿ, ಪಿಸೋನಿ ಎಂಬ ಮೂವರು ಮಾಡಿದ ಪ್ರಯೋಗ 1991ರಲ್ಲಿ ಪ್ರಕಟವಾಯಿತು, ಅಲ್ಲಿ ಹಲವರ ದನಿಯಲ್ಲಿ ಪದಗಳನ್ನು ಕೇಳಿಸಿದ್ದೇ ಮುಖ್ಯ. ಒಬ್ಬರದೇ ದನಿ ಕೇಳಿ ಕಲಿತವರು ಹೊಸ ದನಿ ಬಂದಾಗ ಎಡವುತ್ತಾರೆ ಅಂತ ಅದೇ ಗುಂಪು ಆಮೇಲೆ ತೋರಿಸಿತು. ನಿಮಗಂತೂ ಕಂಪಿನಾಸ್‌ನಲ್ಲಿ ಗೆಳೆಯರಿದ್ದಾರೆ ಅಲ್ವಾ? ಇಪ್ಪತ್ತು ಜೋಡಿ ಪದ ಬರೆದು ಕಳಿಸಿ, ವಾಟ್ಸ್ಯಾಪ್‌ನಲ್ಲಿ ದನಿ ಕಳಿಸಲು ಹೇಳಿ. ಗಂಡಸು, ಹೆಂಗಸು, ಮಗು, ವಯಸ್ಸಾದವರು, ಸಿಕ್ಕರೆ ಈಶಾನ್ಯ ಬ್ರೆಜಿಲ್‌ನ ರೆಸಿಫೆಯವರು ಒಬ್ಬರು, ದಕ್ಷಿಣದ ಪೋರ್ತೊ ಅಲೆಗ್ರೆಯವರು ಒಬ್ಬರು. ಹತ್ತರಲ್ಲಿ ಎಂಟು ಸರಿಯಾಗಿ ಗುರುತಿಸುವ ತನಕ ಬಾಯಿಬಿಟ್ಟು ಹೇಳಿಸಬೇಡಿ.

ಎರಡನೆಯದು ಮೂಗು. ಇಲ್ಲ ಅನ್ನುವುದಕ್ಕೆ ನಾಂವ್, ಕೈಗೆ ಮಾಂವ್, ತಾಯಿಗೆ ಮಾಂಯ್, ಬ್ರೆಡ್ಡಿಗೆ ಪಾಂವ್. ಹಿಂದಿಯವರು ಹೌದು ಅನ್ನಲು "ಹಾಂ" ಅನ್ನುತ್ತಾರಲ್ಲ, ನಾಲಿಗೆ ಎಲ್ಲೂ ತಾಗದೆ, ತುಟಿ ಮುಚ್ಚದೆ, ಸ್ವರವೇ ಮೂಗಿನಿಂದ ಹರಿಯುತ್ತದೆ, ಅದೇ ಇದು. ನಮ್ಮ ಕರಾವಳಿಯ ಕೊಂಕಣಿಯವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಸ್ಪ್ಯಾನಿಷ್‌ನವರು ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಕೊನೆಗೆ ಒಂದು ಗಟ್ಟಿ ನ್ ಸೇರಿಸುತ್ತಾರೆ, ಇಲ್ಲವೇ ಮೂಗನ್ನು ಪೂರ್ತಿ ಬಿಟ್ಟು ಪಾವ್ ಅನ್ನುತ್ತಾರೆ. ನಾವು ಪಾವ್ ಭಾಜಿಯ ಜೊತೆ ತಿನ್ನುವ ಪಾವ್ ಇದೇ ಪೋರ್ಚುಗೀಸ್ ಪದ, ನಮ್ಮ ಕಡೆ ಬರುವಷ್ಟರಲ್ಲಿ ಮೂಗಿನ ಸದ್ದು ಕಳೆದುಕೊಂಡಿದೆ. ನಮಗೆ ತೊಂದರೆಯಿಲ್ಲ. ಆದರೆ ಬ್ರೆಜಿಲ್‌ನಲ್ಲಿ ಬರೀ ಪಾವ್ ಅಂದರೆ ಕೋಲು, ಬೀದಿ ಮಾತಿನಲ್ಲಿ ಹೇಳಬಾರದ ಇನ್ನೊಂದು ಅರ್ಥವೂ ಇದೆ. ಬೇಕರಿಯಲ್ಲಿ ನಿಂತು ಹಾಗೆ ಕೇಳಿದ ವಿದ್ಯಾರ್ಥಿಗೆ ಸುತ್ತಲಿನವರು ಯಾಕೆ ನಕ್ಕರು ಅಂತ ತಿಳಿಯುವುದಿಲ್ಲ, ಮನಸ್ಸಿಗೆ ನೋವಾಗುತ್ತದೆ. ಅದಕ್ಕೇ ಮೊದಲೇ ನೇರವಾಗಿ ಹೇಳಿಬಿಡಿ.

ಕಲಿಸುವಾಗ ನಾನು ಅವರದೇ ಪದ ತೆಗೆದುಕೊಳ್ಳುತ್ತೇನೆ. ಸ್ಪ್ಯಾನಿಷ್‌ನಲ್ಲಿ ಬ್ರೆಡ್ಡಿಗೆ ಪಾನ್. ಅದನ್ನು ನಿಧಾನವಾಗಿ ಹೇಳಿಸಿ, ನಾಲಿಗೆ ಮೇಲೆದ್ದು ಹಲ್ಲಿನ ಹಿಂದೆ ತಾಗುವ ಮುಂಚೆ ನಿಲ್ಲಿಸಿ. ಅಲ್ಲೇ ಸ್ವರವನ್ನು ಎಳೆಯಲಿ. ಕನ್ನಡಿ ಎದುರಿಗಿರಲಿ, ಬಾಯಿ ತೆರೆದೇ ಇರಬೇಕು. ಆಮೇಲೆ ಎರಡು ಬೆರಳಿನಿಂದ ಮೂಗು ಹಿಡಿದುಕೊಳ್ಳಲು ಹೇಳಿ. ಸದ್ದು ಬದಲಾದರೆ ಗಾಳಿ ಮೂಗಿನಿಂದ ಬರುತ್ತಿತ್ತು, ಸರಿಯಾಗಿದೆ ಅಂತ ಅರ್ಥ. ಬದಲಾಗದಿದ್ದರೆ ಅದು ಪಾವ್. ನಿಮ್ಮ ಬರಾಂಕಿಯಾದವರಿಗೆ ಇದು ಬೇಗ ಬರುತ್ತದೆ. ಕೆರಿಬಿಯನ್ ಕಡೆಯ ಸ್ಪ್ಯಾನಿಷ್‌ನಲ್ಲಿ ಪದದ ಕೊನೆಯ ನ್ ಹಿಂದಕ್ಕೆ ಸರಿದು, ಅಂಗಳದ ಅಂ ಥರ ಆಗಿರುತ್ತದೆ, ಹಿಂದಿನ ಸ್ವರ ಆಗಲೇ ಅರ್ಧ ಮೂಗಿಗೆ ಹತ್ತಿರುತ್ತದೆ. ಅವರನ್ನೇ ಮುಂದೆ ನಿಲ್ಲಿಸಿ ಉಳಿದವರಿಗೆ ಕೇಳಿಸಿ. ಕರಾವಳಿಯವರ ಮಾತನ್ನು ಸರಿಯಿಲ್ಲದ ಸ್ಪ್ಯಾನಿಷ್ ಅಂತ ಆಡಿಕೊಳ್ಳುವವರು ಇದ್ದಾರೆ. ಇಲ್ಲಿ ಅದೇ ಮಾತು ಎಲ್ಲರಿಗೂ ಪಾಠವಾಗುತ್ತದೆ, ಅದು ನನಗೆ ತುಂಬಾ ಇಷ್ಟ.

ಮೂರನೆಯದು ಗಂಟಲು. ಸ್ಪ್ಯಾನಿಷ್‌ನಲ್ಲಿ ಮನೆಗೆ ಕಾಸಾ, ಪೋರ್ಚುಗೀಸ್‌ನಲ್ಲಿ ಕಾಜ಼ಾ. ಬರೆಯುವುದು ಒಂದೇ ಥರ, ಅದೇ ತೊಡಕು. ಪೋರ್ಚುಗೀಸ್‌ನಲ್ಲಿ ಕಾಸಾ ಅಂದರೆ ಬೇಟೆ. ಸಿಹಿತಿಂಡಿಗೆ ದೋಸಿ, ಹನ್ನೆರಡಕ್ಕೆ ದೋಜ಼ಿ. "ಹನ್ನೆರಡು ಸಿಹಿತಿಂಡಿ ಕೊಡಿ" ಅಂತ ಅಂಗಡಿಯಾಟ ಆಡಿಸಿ, ಬೇರೆ ಅಭ್ಯಾಸ ಬೇಕಾಗಿಲ್ಲ. ಜ಼ ಸ್ಪ್ಯಾನಿಷ್‌ನಲ್ಲಿ ಇಲ್ಲವೇ ಇಲ್ಲ ಅಂತ ಅವರು ಹೇಳುತ್ತಾರೆ, ಆದರೆ ಇದೆ. "ಅದೇ" ಅನ್ನುವ ಮಿಸ್ಮೊ ಪದವನ್ನು ಬೊಗೊಟಾದವರು, ಮೆಕ್ಸಿಕೋ ಸಿಟಿಯವರು ಸಹಜವಾಗಿ ಹೇಳುವಾಗ ಮಧ್ಯದಲ್ಲಿ ಬರುವುದು ಹೆಚ್ಚುಕಡಿಮೆ ಜ಼ ಸದ್ದೇ. ಅವರಿಗೆ ಗೊತ್ತಿರುವುದಿಲ್ಲ, ಅಷ್ಟೇ. ಗಂಟಲ ಮೇಲೆ ಬೆರಳಿಡಿಸಿ, ಮಿಜ಼್‌ಜ಼್‌ಜ಼್ ಅಂತ ಎಳೆಸಿ, ಅಲ್ಲೇ ಕಾಜ಼ಾಕ್ಕೆ ಜಾರಿಸಿ. ಬರಾಂಕಿಯಾದವರಿಗೂ ಬ್ಯೂನಸ್ ಐರಿಸ್‌ನವರಿಗೂ ಈ ಉಪಾಯ ನಡೆಯುವುದಿಲ್ಲ, ಅವರು ಆ ಜಾಗದಲ್ಲಿ ಮಿಹ್ಮೊ ಅಂತ ಹ ಥರದ ಉಸಿರು ಬಿಡುತ್ತಾರೆ. ಅವರಿಗೆ ಹಾವು ಬುಸುಗುಟ್ಟುವ ಸದ್ದಿನಿಂದ ಶುರು ಮಾಡಿ, ಗಂಟಲು ನಡುಗಿಸಿ, ಜೇನುಹುಳಕ್ಕೆ ಬನ್ನಿ.

ಶ ಸದ್ದಿಗೂ ಇದೇ ದಾರಿ. ಚಹಾಕ್ಕೆ ಶಾ. "ಆಗಲೇ" ಅನ್ನುವುದಕ್ಕೆ ಅದೇ ಶಾ, ಆದರೆ ಗಂಟಲು ನಡುಗಬೇಕು, ಟೆಲಿವಿಷನ್ ಪದದ ಮಧ್ಯದ ಸದ್ದನ್ನು ಇಂಗ್ಲಿಷಿನವರು ಹೇಳುವ ಹಾಗೆ. ಮಕ್ಕಳನ್ನು ಸುಮ್ಮನಿರಿಸಲು ಸ್ಪ್ಯಾನಿಷ್‌ನವರೂ ಶ್‌ಶ್‌ಶ್ ಅನ್ನುತ್ತಾರೆ, ಅಲ್ಲಿಂದ ಎತ್ತಿಕೊಳ್ಳಿ. ನಿಮ್ಮ ಬ್ಯೂನಸ್ ಐರಿಸ್‌ನವರಿಗೆ ಇದು ಮನೆಯ ಸದ್ದೇ. ಬೀದಿಗೆ ಬೇರೆ ಕಡೆಯವರು ಕಾಯೆ ಅಂದರೆ ಅವರು ಕಾಶೆ ಅನ್ನುತ್ತಾರೆ. ಉಳಿದವರು ಶಾವಿ ಅನ್ನುವ ಕಡೆ ಚಾವಿ ಅನ್ನುತ್ತಾರೆ, ಯಾಕೆಂದರೆ ಬರೆದದ್ದನ್ನು ಸ್ಪ್ಯಾನಿಷ್ ಕಣ್ಣಿನಿಂದ ಓದುತ್ತಾರೆ. ಬೀಗದ ಕೈಗೆ ನಾವು ಅನ್ನುವ ಚಾವಿ ಇದೇ ಪದ. ಪೋರ್ಚುಗೀಸರು ನಮ್ಮ ಕರಾವಳಿಗೆ ಬಂದ ಕಾಲದಲ್ಲಿ ಅವರೂ ಚ ಅಂತಲೇ ಹೇಳುತ್ತಿದ್ದರು, ಶ ಆದದ್ದು ಆಮೇಲೆ. ಹಾಗಾಗಿ ಚಾವಿ ಅಂದವರನ್ನು ಗದರಬೇಡಿ, ಸುಮ್ನೆ ಶ್‌ಶ್ ನೆನಪು ಮಾಡಿ.

ಈ ಮೂರು ಬಿಟ್ಟು ಉಳಿದದ್ದು ಅಷ್ಟು ತುರ್ತಿಲ್ಲ. ವ ಮತ್ತು ಬ ಸ್ಪ್ಯಾನಿಷ್‌ನಲ್ಲಿ ಒಂದೇ ಆಗಿಹೋಗಿವೆ, ಮೇಲಿನ ಹಲ್ಲು ಕೆಳತುಟಿಗೆ ತಾಗಿಸಲು ಹೇಳಿದರೆ ಒಂದು ವಾರದಲ್ಲಿ ಬೇರೆಯಾಗುತ್ತವೆ. ಪದದ ಕೊನೆಯ ಲ್ ಬ್ರೆಜಿಲ್‌ನಲ್ಲಿ ಉ ಆಗುತ್ತದೆ, ದೇಶದ ಹೆಸರೇ ಬ್ರಜ಼ೀವ್. ಅವರ ಕಾವ್ಸಾ ಪದದ ಆವ್ ತೋರಿಸಿದರೆ ಸಾಕು. ತಿ, ದಿ ಇರುವ ಕಡೆ ಚಿ, ಜಿ ಬರುವುದನ್ನು ಕೇಳಿದ ತಕ್ಷಣ ಹಿಡಿಯುತ್ತಾರೆ, ಆದರೆ ರೆಸಿಫೆಯಲ್ಲಿ ತಿ, ದಿ ಅಂತಲೇ ಹೇಳುವವರು ಬೇಕಾದಷ್ಟಿದ್ದಾರೆ, ಅದಕ್ಕಾಗಿ ತಲೆಕೆಡಿಸಿಕೊಳ್ಳಬೇಡಿ.

ರ ಬಗ್ಗೆ ಮಾತ್ರ ಒಂದು ಮಾತು. ಹೆಚ್ಚಿನ ಶಿಕ್ಷಕರು ಇಲ್ಲಿಂದಲೇ ಶುರು ಮಾಡುತ್ತಾರೆ, ನನ್ನ ಪ್ರಕಾರ ಅದು ತಪ್ಪು. ರಿಯೊ ನಗರದ ಹೆಸರು ಹೀಯು ಅಂತ ಕೇಳಿಸುತ್ತದೆ, ನಿಜ. ಆದರೆ ರ ಒತ್ತಿ ಉರುಳಿಸಿ ಹೇಳಿದರೂ ಬ್ರೆಜಿಲ್‌ನಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ. ದಕ್ಷಿಣದ ರಿಯೊ ಗ್ರಾಂಡೆ ದೊ ಸುಲ್ ರಾಜ್ಯದ ಕಡೆ ಹಾಗೆ ಹೇಳುವವರು ಇಂದಿಗೂ ಇದ್ದಾರೆ. ಒಂದು ರ, ಎರಡು ರ ಎಂಬ ಭೇದ ಸ್ಪ್ಯಾನಿಷ್‌ನಲ್ಲೂ ಇದೆ, ಅಂದರೆ ಡಬ್ಬಿ ಎರಡಿವೆ, ಒಳಗಿನ ಸಾಮಾನು ಬದಲಾದರೆ ಆಯಿತು. ಅದು ನಿಧಾನವಾಗಿ ತಾನೇ ಆಗುತ್ತದೆ. ನೀವು ಕಂಪಿನಾಸ್‌ನಲ್ಲಿ ಕಲಿತವರು, ಪೊರ್ತಾ ಅನ್ನುವಾಗ ಆ ಕಡೆಯವರ ಹಾಗೆ ನಾಲಿಗೆ ಮಡಚಿ ರ ಹೇಳುತ್ತಿರಬಹುದು. ಹಾಗೇ ಹೇಳಿ. ಅದು ಆ ಊರಿನ ಒಳ್ಳೆಯ ಪೋರ್ಚುಗೀಸ್. ಆದರೆ ವಿದ್ಯಾರ್ಥಿಗಳಿಗೆ ಬೇರೆ ರ ಕೂಡ ಇವೆ ಅಂತ ಗೊತ್ತಿರಲಿ.

ಇನ್ನೊಂದು, ಬಹಳ ಮುಖ್ಯ. ಪಠ್ಯವನ್ನು ಮೊದಲೇ ಕೊಡಬೇಡಿ. ನಮ್ಮ ಕಡೆಯ ವಿದ್ಯಾರ್ಥಿಗೆ ಪೋರ್ಚುಗೀಸ್ ಪುಟ ಕೊಟ್ಟರೆ ಅವರಿಗೆ ಅದು ಪೂರ್ತಿ ಹೊಸದು, ಹಾಗಾಗಿ ನಿಮ್ಮ ಬಾಯಿ ನೋಡುತ್ತಾರೆ. ಸ್ಪ್ಯಾನಿಷ್‌ನವರಿಗೆ ಪುಟದ ಮುಕ್ಕಾಲು ಪಾಲು ಆಗಲೇ ಗೊತ್ತು ಅನ್ನಿಸುತ್ತದೆ. ಕಣ್ಣು ಓಡಿದ ತಕ್ಷಣ ತಲೆಯೊಳಗೆ ಸ್ಪ್ಯಾನಿಷ್ ದನಿ ಓದಿಬಿಡುತ್ತದೆ, ಆಮೇಲೆ ನೀವು ಏನು ಕೇಳಿಸಿದರೂ ಅದರ ಕೆಳಗೆ ಮುಚ್ಚಿಹೋಗುತ್ತದೆ. ಮೊದಲ ಮೂರು ವಾರ ಹೊಸ ಪದ ಕಿವಿಯಿಂದಲೇ ಹೋಗಲಿ. ಎರಡು ಮೂರು ಸಲ ಕೇಳಿಸಿ, ಚಿತ್ರ ತೋರಿಸಿ, ಹೇಳಿಸಿ, ಕೊನೆಗೆ ಬರಹ ತೆರೆಯಿರಿ.

ಅವರಲ್ಲಿ ಯಾರಾದರೂ ಲಿಸ್ಬನ್‌ಗೆ ಹೋಗುವವರಿದ್ದರೆ ಲೆಕ್ಕ ಬೇರೆ. ಅಲ್ಲಿ ಒತ್ತಿಲ್ಲದ ಸ್ವರಗಳನ್ನು ನುಂಗಿಬಿಡುತ್ತಾರೆ, ಟೆಲಿಫೋನ್ ಎಂಬ ಪದದಲ್ಲಿ ಕಿವಿಗೆ ಗಟ್ಟಿಯಾಗಿ ಬೀಳುವ ಸ್ವರ ಒಂದೇ, ಪದದ ಕೊನೆಯ ಸ್ ಬದಲು ಶ್. ಸ್ಪ್ಯಾನಿಷ್‌ನವರು ಪ್ರತಿ ಸ್ವರವನ್ನೂ ಪೂರ್ತಿ ಹೇಳುವವರು, ಅವರಿಗೆ ಅದು ಮೊದಮೊದಲು ಬರೀ ವ್ಯಂಜನಗಳ ಸದ್ದು. ನಿಮ್ಮ ಮೆಕ್ಸಿಕೋ ಸಿಟಿಯ ಇಬ್ಬರಿಗೆ ಸ್ವಲ್ಪ ಅನುಕೂಲ ಇದೆ. ಅವರ ಕಡೆ ಮಾತಿನ ಓಟದಲ್ಲಿ ಸ್ ಪಕ್ಕದ ಸ್ವರ ಸಣ್ಣದಾಗುತ್ತದೆ, "ಹಾಗಾದರೆ" ಅನ್ನುವ ಪುವೆಸ್ ಹೋಗಿ ಪ್ಸ್ ಆಗುತ್ತದೆ. ಅದನ್ನೇ ಕೇಳಿಸಿ, "ನೀವೂ ನುಂಗುತ್ತೀರಿ, ನೋಡಿ" ಅಂತ ತೋರಿಸಿ.

ತಿದ್ದುವ ರೀತಿಯ ಬಗ್ಗೆ ಕೊನೆಯದಾಗಿ. ಮಾತಿನ ನಡುವೆ ತಡೆದು ತಿದ್ದಬೇಡಿ. ಒಂದು ವಾರಕ್ಕೆ ಒಂದೇ ಸದ್ದು ಆರಿಸಿಕೊಳ್ಳಿ, ಉಳಿದ ತಪ್ಪುಗಳು ಹಾಗೇ ಹೋಗಲಿ. ನನ್ನ ಬಳಿ ಕಲಿತ ಬೊಗೊಟಾದ ಒಬ್ಬ ಹುಡುಗಿ ಬ್ರೆಜಿಲ್‌ನ ಮೀನಸ್ ಜೆರಾಯಿಸ್ ರಾಜ್ಯದ ಮನೆಗೆ ಸೊಸೆಯಾಗಿ ಹೋದಳು. ಅಲ್ಲಿ ಅಜ್ಜಿಯನ್ನು ಕರೆಯುವುದು ಬರೀ "ವೊ" ಅಂತ, ತೆರೆದ ಒ. ಇವಳು ಎಂಟು ತಿಂಗಳು ಮುಚ್ಚಿದ ಒ ಹಾಕಿ, ಅಂದರೆ "ಅಜ್ಜಾ" ಅಂತ, ಆ ಮುದುಕಿಯನ್ನು ಕರೆದಿದ್ದಾಳೆ. ಅಜ್ಜಿ ಒಂದು ದಿನವೂ ತಿದ್ದಲಿಲ್ಲ, ಪ್ರತಿ ಸಲ ಓಗೊಟ್ಟರು. ನನ್ನ ಕ್ಲಾಸಿನಲ್ಲಿ ಎಡಗೈ ಬಲಗೈ ಆಟ ಆಡುತ್ತಾ ಮೂರನೇ ವಾರ ಇದ್ದಕ್ಕಿದ್ದಂತೆ ಅವಳಿಗೆ ವ್ಯತ್ಯಾಸ ಕೇಳಿಸಿತು. ಅಲ್ಲೇ ಕೂತು ಅತ್ತಳು. ಆ ರಾತ್ರಿ ಫೋನ್ ಮಾಡಿ ಸರಿಯಾಗಿ ಕರೆದಳಂತೆ. ಅಜ್ಜಿ ಆ ಕಡೆಯಿಂದ "ಇನ್ನೊಂದು ಸಲ ಕರಿ" ಅಂದರಂತೆ.

ಬರುವ ಕ್ಲಾಸಿನಿಂದ ಅಜ್ಜ ಅಜ್ಜಿ ಜೋಡಿಯಿಂದಲೇ ಶುರು ಮಾಡಿ. ಎರಡು ವಾರ ಕಳೆದ ಮೇಲೆ ಐದು ಜನರಲ್ಲಿ ಯಾರ ಕೈ ಸರಿಯಾಗಿ ಏಳುತ್ತಿದೆ, ಯಾರದ್ದು ಇಲ್ಲ ಅಂತ ಬರೆದು ತಿಳಿಸಿ. ಅದನ್ನು ನೋಡಿ ಮೂಗಿನ ಸ್ವರಗಳ ಪದಪಟ್ಟಿಯನ್ನು ಯಾವ ಕ್ರಮದಲ್ಲಿ ಕೊಡಬೇಕು ಅಂತ ಹೇಳುತ್ತೇನೆ.